ಪ್ರಣಾಳಿಕೆ ಓದಿದರೆ ಸಾಕಾಗುವುದಿಲ್ಲ

ಎಡ, ಬಲ ಎರಡೂ ಕಡೆಯ ಸಂಘಟನೆಗಳನ್ನು ಫಾಲೋ ಮಾಡುವುದು ಸುಮ್ನೆ ತಲೆನೋವು, ಚುನಾವಣೆಗೆ ಪ್ರಣಾಳಿಕೆ ಓದಿದರೆ ಸಾಕು ಎಂದು ಅಂಕಣವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಹೊಸ ವಿಚಾರ ಪ್ರಣಾಳಿಕೆಗೆ ಬರುವುದು ಕೊನೆಗೆ. ಮಾಹಿತಿ ಹಕ್ಕನ್ನೇ ನೋಡಿ. ಕಾಯ್ದೆ ಆದದ್ದು 2005ರಲ್ಲಿ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಲಿಕಾರರ, ರೈತರ ಸಂಘಟನೆ 1994ರಲ್ಲೇ ಹಳ್ಳಿಗಳಲ್ಲಿ ಜನರನ್ನು ಸೇರಿಸಿ, ಕಾಮಗಾರಿಯ ಲೆಕ್ಕ ಎಲ್ಲರ ಮುಂದೆ ಓದಿಸುತ್ತಿತ್ತು.

ಒಂದೇ ಕಡೆಯವರನ್ನು ಓದಿದರೂ ಅರ್ಧವೇ ಗೊತ್ತಾಗುವುದು. ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದವನ್ನು ಬಲಪಂಥದ ಸ್ವದೇಶಿ ಜಾಗರಣ ಮಂಚ್ ವಿರೋಧಿಸಿತು, ಎಡಪಂಥದ ಕಿಸಾನ್ ಸಭಾ ಕೂಡ ವಿರೋಧಿಸಿತು. ಹೊರಗಿನ ಹಾಲಿನ ಪುಡಿ ಅಗ್ಗಕ್ಕೆ ಬಂದರೆ ಹೈನುಗಾರರ ಗತಿ ಏನು ಎಂಬ ಚಿಂತೆ ಇಬ್ಬರಿಗೂ ಇತ್ತು. 2019ರ ನವೆಂಬರ್‌ನಲ್ಲಿ ಭಾರತ ಹಿಂದೆ ಸರಿಯಿತು. ಸೊಸೈಟಿಗೆ ಹಾಲು ಹಾಕುವ ನಮ್ಮ ಉಡುಪಿ ಕಡೆಯ ಮನೆಗಳಿಗೆ ಇದು ದೂರದ ಸುದ್ದಿ ಅಲ್ಲ, ಅಲ್ವಾ?

ತಲೆನೋವು ಜಾಸ್ತಿ ಆಗುವುದು ಭಾಷಣದ ತುಣುಕು ವಿಡಿಯೊಗಳಿಂದ. ನಾನು ಅವನ್ನು ಬಿಟ್ಟು ಮನವಿ ಪತ್ರ, ಸಮ್ಮೇಳನದ ನಿರ್ಣಯ ಓದುತ್ತೇನೆ. ಮಣಿಪಾಲದ ರಜತಾದ್ರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿ (ಡಿಸಿ) ಕಚೇರಿಗೆ ಯಾರೇ ಮೆರವಣಿಗೆ ಬರಲಿ, ಘೋಷಣೆಯಲ್ಲಿ ಸಿಗದ ವಿವರ ಡಿಸಿಗೆ ಕೊಡುವ ಮನವಿಯಲ್ಲಿ ಇರುತ್ತದೆ. ಯಾವ ಕಾಯ್ದೆ ಬದಲಾಗಬೇಕು, ಯಾರಿಗೆ ಎಷ್ಟು ಸಿಗಬೇಕು, ಎಲ್ಲ. ಬೀಡಿ ಕಾರ್ಮಿಕರ ವಿಷಯದಲ್ಲಿ ಎಡಪಂಥದ ಕಾರ್ಮಿಕ ಸಂಘಟನೆ ಸಿಐಟಿಯು, ಬಲಪಂಥದ ಬಿಎಂಎಸ್ ಎರಡರ ಬೇಡಿಕೆಗಳನ್ನೂ ಲೇಖಕರು ಒಮ್ಮೆ ಪಕ್ಕಪಕ್ಕ ಇಟ್ಟು ಓದಲಿ. ಕನಿಷ್ಠ ಕೂಲಿ, ಪಿಂಚಣಿ ಬಗ್ಗೆ ಎಲ್ಲಿ ಒಂದಾಗುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಎಂದು ಮುಂದಿನ ಅಂಕಣದಲ್ಲಿ ಬರೆಯಲಿ.