8 ಲಕ್ಷದ ಕಾರಿಗೆ 50 ಲಕ್ಷದ ಕಾರಿನ ಖರ್ಚು

"ಅಣ್ಣಾ, ಬಿಎಂಡಬ್ಲ್ಯು ಫೈವ್ ಸೀರೀಸ್ 8 ಲಕ್ಷಕ್ಕೆ ಬರ್ತಿದೆ, ತಗೊಳ್ಳಲಾ?" ಈಚೆಗೆ ನನಗೆ ಇಂಥ ಮೆಸೇಜ್ ಜಾಸ್ತಿ ಬರುತ್ತಿವೆ. ಜೊತೆಗೆ ಫೋಟೋ ಇರುತ್ತದೆ. ಫಳಫಳ ಪಾಲಿಶ್ ಹೊಡೆದ ಕಪ್ಪು ಕಾರು, ದೆಹಲಿ ನಂಬರ್, ಮೀಟರಿನಲ್ಲಿ ಬರೀ 60 ಸಾವಿರ ಕಿಲೋಮೀಟರ್. ಕೇಳುವವರು ನಮ್ಮ ಹುಡುಗರೇ. ಜೀನ್ಸ್ ಯೂನಿಟ್ ನಡೆಸುವವರು, ಸಿರುಗುಪ್ಪ ಕಡೆ ಭತ್ತದಲ್ಲಿ ನಾಲ್ಕು ಕಾಸು ಕಂಡವರು, ತೋರಣಗಲ್ಲಿನಲ್ಲಿ ಸಣ್ಣ ಕಾಂಟ್ರಾಕ್ಟ್ ಹಿಡಿದವರು. ನಾನು ಬಳ್ಳಾರಿಯಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ವ್ಯಾಪಾರ ಮಾಡುವವನು. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಕಾರಿನ ಬೆಲೆ ಇಳಿದಿದೆ, ಪಾರ್ಟ್ಸ್ ಬೆಲೆ ಇಳಿದಿಲ್ಲ. ನಾನು ಹೇಳಬೇಕಾದ್ದು ಇಷ್ಟೇ. ಹೊಸದಿದ್ದಾಗ 40-50 ಲಕ್ಷ ಇದ್ದ ಗಾಡಿ ಹತ್ತು ಹನ್ನೆರಡು ವರ್ಷ ಕಳೆದು 8 ಲಕ್ಷಕ್ಕೆ ಬಂದಿರುತ್ತದೆ. ಅದರ ಇಂಜೆಕ್ಟರ್, ಹೆಡ್‌ಲೈಟ್, ಗೇರ್‌ಬಾಕ್ಸ್ ಮಾತ್ರ ಇವತ್ತಿಗೂ 50 ಲಕ್ಷದ ಕಾರಿನವೇ. ಮೊದಲ ಮಾಲೀಕ ಅದನ್ನು ಯಾಕೆ ಮಾರಿದ ಅಂತ ಒಮ್ಮೆ ಯೋಚನೆ ಮಾಡಿ. ದೊಡ್ಡ ಖರ್ಚುಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಕಾರು ಕೈ ಬದಲಾಗಿರುತ್ತದೆ.

ನಮ್ಮೂರಿನಲ್ಲಿ ಮೊದಲು ಕಾಡುವುದು ಬಿಸಿಲು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಈ ಜರ್ಮನ್ ಗಾಡಿಗಳ ಇಂಜಿನ್ ತಣ್ಣಗಿಡುವ ಕೂಲೆಂಟ್ ವ್ಯವಸ್ಥೆಯಲ್ಲಿ ಪ್ಲಾಸ್ಟಿಕ್ ಭಾಗಗಳು ಬಹಳ. ಪೈಪಿನ ಜಾಯಿಂಟ್, ಎಕ್ಸ್‌ಪಾನ್ಷನ್ ಟ್ಯಾಂಕ್, ಥರ್ಮೋಸ್ಟಾಟ್ ಹೌಸಿಂಗ್, ಎಲ್ಲ ಪ್ಲಾಸ್ಟಿಕ್ಕೇ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ ಅವು ಪೆಡಸಾಗುತ್ತವೆ. ಸಿರುಗುಪ್ಪದ ಸ್ನೇಹಿತರೊಬ್ಬರು ಮಧ್ಯಾಹ್ನ ಏಸಿ ಹಾಕಿಕೊಂಡು ಬಳ್ಳಾರಿಯ ಸುಧಾ ಕ್ರಾಸ್ ರೈಲ್ವೆ ಗೇಟ್ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ಊರಿನ ಕಡೆ ಹೊರಟರು. ತೆಕ್ಕಲಕೋಟೆ ದಾಟುವಾಗ ಮೀಟರಿನಲ್ಲಿ ಟೆಂಪರೇಚರಿನ ಕೆಂಪು ದೀಪ ಬಂತು. ಇನ್ನೇನು ಮನೆ ಬಂತಲ್ಲ ಅಂತ ಸಿರುಗುಪ್ಪದ ತನಕ ಓಡಿಸಿಬಿಟ್ಟರು. ಬಾನೆಟ್ ತೆಗೆದು ಮೇಸ್ತ್ರಿ ಆ ಪೈಪಿನ ಜಾಯಿಂಟ್ ಹಿಡಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಆ ಪಾರ್ಟಿನ ಬೆಲೆ ಏನೂ ದೊಡ್ಡದಲ್ಲ. ಆದರೆ ಅಷ್ಟರಲ್ಲಿ ಕೂಲೆಂಟ್ ಎಲ್ಲ ಸೋರಿ ಹೋಗಿತ್ತು, ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬಾಗಿತ್ತು. ಗಾಡಿಯನ್ನು ಫ್ಲಾಟ್‌ಬೆಡ್ ಮೇಲೆ ಬೆಂಗಳೂರಿಗೆ ಕಳಿಸಬೇಕಾಯಿತು. ಇಲ್ಲಿಂದ 300 ಕಿಲೋಮೀಟರಿಗೂ ಜಾಸ್ತಿ ದೂರ. ಆ ಬಾಡಿಗೆಯನ್ನು ಗಾಡಿ ಕೊಳ್ಳುವಾಗ ಯಾರಾದರೂ ಲೆಕ್ಕ ಹಾಕುತ್ತಾರಾ?

ಇಂಥ ಗಾಡಿಯಲ್ಲಿ ಟೆಂಪರೇಚರ್ ದೀಪ ಬಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಸುಮ್ನೆ ಧೈರ್ಯ ಮಾಡಬೇಡಿ.

ಎರಡನೆಯದು ಧೂಳು. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವವರ ಏರ್ ಫಿಲ್ಟರ್ ತೆಗೆದು ನೋಡಿ, ಅದಿರಿನ ಕೆಂಪು ಪುಡಿ ಕೈಗೆ ಅಂಟುತ್ತದೆ. ಅದೇ ಪುಡಿ ಏಸಿ ಕಂಡೆನ್ಸರ್, ರೇಡಿಯೇಟರ್ ರೆಕ್ಕೆಗಳ ನಡುವೆಯೂ ಕೂರುತ್ತದೆ. ಗಾಳಿ ಆಡದಿದ್ದರೆ ಇಂಜಿನ್ ಇನ್ನಷ್ಟು ಕಾಯುತ್ತದೆ. ಸರ್ವಿಸ್ ಪುಸ್ತಕದಲ್ಲಿ ಬರೆದಿರುವ ಕಿಲೋಮೀಟರಿಗಿಂತ ಬೇಗ ಫಿಲ್ಟರ್ ಬದಲಿಸಲೇಬೇಕು.

ಇನ್ನು ಮಾಡೆಲ್ ಮಾಡೆಲ್‌ಗೂ ಅದರದೇ ಕಾಯಿಲೆ ಇದೆ. ಬಿಎಂಡಬ್ಲ್ಯು ಎನ್47 ಅನ್ನುವ ಡೀಸೆಲ್ ಇಂಜಿನ್ನಿನಲ್ಲಿ, ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಚೈನ್ ಇರುವುದು ಹಿಂದುಗಡೆ, ಗೇರ್‌ಬಾಕ್ಸ್ ಪಕ್ಕ. ಅದರಲ್ಲೂ ಶುರುವಿನ ವರ್ಷಗಳ ಇಂಜಿನ್ನುಗಳಲ್ಲಿ ಚೈನ್ ಸವೆಯುವುದು ಲೋಕಕ್ಕೇ ಗೊತ್ತಿರುವ ವಿಷಯ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ಕರಕರ ಸದ್ದು ಬರುತ್ತದೆ. ಅದಕ್ಕೇ ಮಾರುವವನು ನೀವು ಹೋಗುವ ಮೊದಲೇ ಗಾಡಿ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಚೈನ್ ಬದಲಿಸಲು ಇಂಜಿನ್ನೋ ಗೇರ್‌ಬಾಕ್ಸೋ ಕೆಳಗಿಳಿಯಲೇಬೇಕು. ಕಡಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಹೊಡೆಯುತ್ತದೆ, ಅಲ್ಲಿಗೆ ಇಂಜಿನ್ ಮುಗಿಯಿತು. ಆಡಿಯ ಹಳೆಯ 1.8 ಮತ್ತು 2.0 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ನುಗಳಲ್ಲಿ ಆಯಿಲ್ ಕುಡಿಯುವ ಕಾಯಿಲೆ. ಸ್ಕೋಡಾ ಸೂಪರ್ಬ್‌ನ 7 ಸ್ಪೀಡ್ ಡ್ರೈ ಕ್ಲಚ್ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಮೆಕಟ್ರಾನಿಕ್, ಅಂದರೆ ಗೇರ್ ಬದಲಿಸುವ ಕಂಟ್ರೋಲ್ ಯೂನಿಟ್ಟಿನ ಸಮಸ್ಯೆ. ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರಿದರೆ ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಿಗ್ಗೆ ಒಂದು ಮೂಲೆ ಕುಸಿದಿರುತ್ತದೆ. ಆ ಸೋರಿಕೆ ತುಂಬಿಸಲು ಕಂಪ್ರೆಸರ್ ಹೊತ್ತಲ್ಲದ ಹೊತ್ತಲ್ಲಿ ಓಡಿ ಓಡಿ ಅದೂ ಸುಟ್ಟುಹೋಗುತ್ತದೆ.

"ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್, ಬದಲಿಸೋದೇ ಬೇಡ" ಅಂತ ಹೇಳುವವರನ್ನು ನಂಬಬೇಡಿ. ಬಿಎಂಡಬ್ಲ್ಯುಗೆ 8 ಸ್ಪೀಡ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರಿನ ನಡುವೆ ಬದಲಿಸಿ ಅನ್ನುತ್ತದೆ. ಅದರ ಫಿಲ್ಟರ್ ಪ್ಲಾಸ್ಟಿಕ್ ಆಯಿಲ್ ಪ್ಯಾನಿನೊಳಗೇ ಸೇರಿಕೊಂಡಿದೆ. ಹಾಗಾಗಿ ಬರೀ ಆಯಿಲ್ ಅಲ್ಲ, ಇಡೀ ಪ್ಯಾನ್ ತರಿಸಬೇಕು. ಬ್ಯಾಟರಿ ಕತೆಯೂ ಹಾಗೇ. ಹೊಸದನ್ನು ಕೂರಿಸಿ ಸ್ಕ್ಯಾನರ್ ಹಾಕಿ ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಇಲ್ಲದಿದ್ದರೆ ಹಳೆ ಬ್ಯಾಟರಿ ಅಂತಲೇ ತಿಳಿದು ಚಾರ್ಜ್ ಮಾಡುತ್ತಾ ಹೊಸದನ್ನೂ ಬೇಗ ಹಾಳು ಮಾಡುತ್ತದೆ. ನಮ್ಮ ಊರಿನ ಮೇಸ್ತ್ರಿಗಳು ಕೈಗುಣದಲ್ಲಿ ಯಾರಿಗೂ ಕಡಿಮೆ ಇಲ್ಲ, ಈ ಮಾತನ್ನು ಎದೆ ತಟ್ಟಿ ಹೇಳುತ್ತೇನೆ. ಆದರೆ ಆಯಾ ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ಅವರಾದರೂ ಏನು ಮಾಡಬೇಕು?

ರನ್‌ಫ್ಲಾಟ್ ಟೈರ್ ಬಗ್ಗೆಯೂ ತಿಳಿದಿರಲಿ. ಪಂಕ್ಚರ್ ಆದರೂ 80 ಕಿಲೋಮೀಟರ್ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಓಡುತ್ತದೆ, ನಿಜ. ಆದರೆ ಅದರ ಪಕ್ಕದ ಗೋಡೆ ಗಡುಸು. ಅದಿರು ಲಾರಿಗಳು ಕಿತ್ತುಹಾಕಿದ ರಸ್ತೆಯ ಗುಂಡಿಗೆ ಬಿದ್ದರೆ ಉಬ್ಬುತ್ತದೆ. ಒಂದಕ್ಕೆ 20 ಸಾವಿರದ ಆಸುಪಾಸು. ಬಹಳ ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ.

ದೆಹಲಿ ಗಾಡಿ ಯಾಕೆ ಅಗ್ಗ? 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡುವಂತಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆವತ್ತಿನಿಂದ ಅಲ್ಲಿನ ಗಾಡಿಗಳು ಬೇರೆ ರಾಜ್ಯಗಳಿಗೆ ಹರಿದುಬರತೊಡಗಿದವು. ಇಲ್ಲಿ ಬಳ್ಳಾರಿಯ ಕೆಎ 34 ನಂಬರ್ ಬೇಕೆಂದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ಲೆಕ್ಕ ನೀವು ಕೊಟ್ಟ 8 ಲಕ್ಷದ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ವರ್ಷ ಕಳೆದಂತೆ ಪರ್ಸೆಂಟೇಜ್ ಇಳಿಯುತ್ತದೆ, ಆದರೂ ಬಿಲ್ ನೋಡಿ ಎಷ್ಟೋ ಜನ ಬೆವರಿದ್ದನ್ನು ಕಂಡಿದ್ದೇನೆ.

ಬೆಂಗಳೂರಿನ ಗಾಡಿ ಆದರೆ 2022ರ ಸೆಪ್ಟೆಂಬರ್ ಮಳೆ ನೆನಪಿಡಿ. ಎಷ್ಟು ದುಬಾರಿ ಕಾರುಗಳು ನೀರಲ್ಲಿ ಮುಳುಗಿದ್ದನ್ನು ಎಲ್ಲರೂ ನೋಡಿದೆವು ಅಲ್ವಾ? ಸೀಟ್‌ಬೆಲ್ಟ್ ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ರೈಲು ತುಕ್ಕು ಹಿಡಿದಿದೆಯಾ ನೋಡಿ. ಕಾರ್ಪೆಟ್ ಕೆಳಗೆ ಕೈ ಹಾಕಿ.

ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ಅಪಘಾತವಾದರೆ ಅದು ಬರುತ್ತದೆ, ಗೇರ್‌ಬಾಕ್ಸ್ ತಾನಾಗಿ ಕೆಟ್ಟರೆ ಬರುವುದಿಲ್ಲ. ಇಷ್ಟು ಹಳೆಯ ಗಾಡಿಗೆ ಜೀರೊ ಡೆಪ್, ಅಂದರೆ ಪಾರ್ಟ್ಸಿನ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಪಾಲಿಸಿ, ಸಿಗುವುದೂ ಕಷ್ಟ.

ಈ ಗಾಡಿಗಳ ಮೇಲೆ ನನಗೆ ಸಿಟ್ಟಿಲ್ಲ. ಹೈವೇಯಲ್ಲಿ ಅವು ನೆಲ ಕಚ್ಚಿ ಓಡುವ ರೀತಿ, ಆ ಬ್ರೇಕ್, ಆ ಸೀಟು ನನಗೂ ಬಹಳ ಇಷ್ಟ. ನನಗೆ ಸಂಕಟ ಆಗುವುದು ಬೇರೆ ವಿಷಯಕ್ಕೆ. ಗಣಿ ದುಡ್ಡು ಹರಿದ ಕಾಲದಿಂದ ನಮ್ಮ ಊರಲ್ಲಿ ಮನುಷ್ಯನ ತೂಕವನ್ನು ಅವನ ಕಾರಿನಿಂದ ಅಳೆಯುವ ಅಭ್ಯಾಸ ಬಂದುಬಿಟ್ಟಿದೆ. 25-30ರ ಹುಡುಗರು ಅದಕ್ಕಾಗಿ ಮಿಷನ್ ಕೊಳ್ಳಬೇಕಾದ ದುಡ್ಡು, ಹೊಲಕ್ಕೆ ಹಾಕಬೇಕಾದ ದುಡ್ಡು ತಂದು ಸುರಿಯುತ್ತಿದ್ದಾರೆ. ಬಡ್ಡಿಗೆ ತರುವವರೂ ಇದ್ದಾರೆ.

8 ಲಕ್ಷದ ಗಾಡಿ ತಗೊಂಡು ಇನ್ನೊಂದು 3-4 ಲಕ್ಷ ಕೈಯಲ್ಲಿ ಉಳಿಯುತ್ತದೆ, ಮನೆಯಲ್ಲಿ ದಿನದ ಓಡಾಟಕ್ಕೆ ಬೇರೆ ಗಾಡಿ ಇದೆ ಅನ್ನುವವರು ತಗೊಳ್ಳಿ, ಖುಷಿಯಾಗಿ ಓಡಿಸಿ. ಇರುವುದೇ 8 ಲಕ್ಷ ಅನ್ನುವವರು ಬಳ್ಳಾರಿಯಲ್ಲೇ ಸರ್ವಿಸ್ ಸಿಗುವ ಹೊಸ ಗಾಡಿ ನೋಡಿ. ಹಟ ಬಿಡದವರು ಟೋಕನ್ ಕೊಡುವ ಮೊದಲು ಚಾಸಿಸ್ ನಂಬರ್ ಹಿಡಿದು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಿಸ್ಟರಿ ವಿಚಾರಿಸಿ, ಸ್ಕ್ಯಾನ್ ಮಾಡಿಸಿ. ಕಿಲೋಮೀಟರ್ ಕಡಿಮೆ ತೋರಿಸಲು ಮೀಟರ್ ತಿರುಗಿಸಿದ್ದರೂ ಒಳಗಿನ ಬೇರೆ ಕಂಪ್ಯೂಟರ್ ಮಾಡ್ಯೂಲುಗಳಲ್ಲಿ ಹಳೆಯ ಕಿಲೋಮೀಟರ್ ಉಳಿದಿರುವುದುಂಟು. ಮಾರುವವನು ಸ್ಕ್ಯಾನ್‌ಗೆ ಒಪ್ಪದಿದ್ದರೆ ಆ ಗಾಡಿ ಬೇಡ, ವಾಪಸ್ ಬನ್ನಿ.