ಕಾವಲಿಗೆ ಇಬ್ಬರು

ಮಗನ ಸ್ಕೂಲ್ ಪ್ರಾಜೆಕ್ಟು ಹೊಯ್ಸಳರ ದೇವಸ್ಥಾನಗಳ ಮೇಲಿತ್ತು. ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಪೆನ್‌ಡ್ರೈವ್ ಹಿಡಿದು ರಸ್ತೆ ತುದಿಯ ಜೆರಾಕ್ಸ್ ಅಂಗಡಿಗೆ ಹೋದೆ. ಹದಿನೆಂಟು ಪುಟ ಬ್ಲ್ಯಾಕ್ ಅಂಡ್ ವೈಟು, ಬೇಲೂರಿನ ಶಿಲಾಬಾಲಿಕೆಗೆ ಮಾತ್ರ ಕಲರ್. ಹುಡುಗ ಚಿಲ್ಲರೆ ಇಲ್ಲ ಅಂತ ಎರಡು ಚಾಕಲೇಟ್ ಕೊಟ್ಟ. ಪೆನ್‌ಡ್ರೈವಿಗೆ ಏನು ಹಾಕಿ ಕೊಟ್ಟಿದ್ದ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಇದು 2010ರ ಮಾತು. ನಮ್ಮದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ ಕಂಪ್ಯೂಟರ್. ವಿಂಡೋಸ್ ಎಕ್ಸ್‌ಪಿ, 512 ಎಂಬಿ ರ‍್ಯಾಮ್. ಪೆನ್‌ಡ್ರೈವ್ ಹಾಕಿ 'ಹೊಯ್ಸಳ' ಫೋಲ್ಡರ್ ತೆರೆದೆ. ಒಳಗೆ ಇನ್ನೊಂದು 'ಹೊಯ್ಸಳ'. ಅದನ್ನು ಒತ್ತಿದೆ, ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಕೈ ಸುಮ್ಮನಿರಬೇಕಲ್ವಾ, ಮೂರನೇ ಸಲವೂ ಒತ್ತಿದೆ. ಸಂಜೆ ಹೊತ್ತಿಗೆ ಹೊಯ್ಸಳರು ದಂಡೆತ್ತಿ ಬಂದು ಇಡೀ ಕಂಪ್ಯೂಟರ್ ಗೆದ್ದಿದ್ದರು. 'ಅಡುಗೆ' ಒಳಗೊಂದು 'ಅಡುಗೆ'. 'ಮದುವೆ ಫೋಟೋ' ಒಳಗೊಂದು 'ಮದುವೆ ಫೋಟೋ'.

"ಒಂದು ಮದುವೆಯೇ ಸಾಕಾಗಿದೆ, ಎರಡನೇದು ಯಾಕೆ?" ಅಂದರು ನಮ್ಮನೆಯವರು.

ಅವು ಫೋಲ್ಡರ್‌ಗಳೇ ಅಲ್ಲವಂತೆ. ಫೋಲ್ಡರಿನ ಹಳದಿ ಅಂಗಿ ತೊಟ್ಟ ವೈರಸ್ ಪ್ರೋಗ್ರಾಂಗಳು. ಹೆಸರಿನ ಕೊನೆಗೆ 'ಡಾಟ್ ಇಎಕ್ಸ್‌ಇ' ಅನ್ನುವ ಬಾಲ ಇರುತ್ತದೆ, ಅದನ್ನು ವಿಂಡೋಸ್ ತಾನಾಗಿಯೇ ಮುಚ್ಚಿಡುತ್ತದೆ. ನಾನು ಮೂರು ಸಲ ಒತ್ತಿದ್ದು ಮೂರು ಸಲ ಬಾಗಿಲು ತೆರೆದು ಬನ್ನಿ ಬನ್ನಿ ಅಂದ ಹಾಗೆ.

ಆಂಟಿವೈರಸ್ ಹಾಕಿಸಿ ಅಂದರು ಎಲ್ಲರೂ. ಯಾವುದು ಅಂತ ಕೇಳಿದ್ದು ನನ್ನ ತಪ್ಪು. ನೆಗಡಿ ಅಂದರೆ ಬೀದಿಯವರೆಲ್ಲ ಡಾಕ್ಟರಾಗುತ್ತಾರಲ್ಲ, ಹಾಗಾಯಿತು. ಆಫೀಸಿನವರೊಬ್ಬರು ರಷ್ಯಾದ ಕ್ಯಾಸ್ಪರ್‌ಸ್ಕಿ ಅಂದರು. ಚಿಕ್ಕಮ್ಮನ ಮಗ, ಜೆಕ್ ದೇಶದ ಎವಿಜಿ, ಅವಾಸ್ಟ್ ಬಿಟ್ಟಿ ಸಿಗುವಾಗ ದುಡ್ಡು ಯಾಕೆ ಕೊಡ್ತೀಯಕ್ಕ ಅಂದ. ಎದುರುಮನೆಯವರು ಸ್ಲೊವಾಕಿಯಾದ ನಾಡ್-32 ಬಹಳ ಹಗುರ ಅಂದರು. ಸ್ಲೊವಾಕಿಯಾ ಎಲ್ಲಿದೆ ಅಂತ ಕೇಳಿದ್ದಕ್ಕೆ, ಅಲ್ಲೇ ಎಲ್ಲೋ ಅಂದರು. ನಮ್ಮನೆಯವರದು ಬೇರೆಯೇ ಲೆಕ್ಕ. "ಕ್ಯಾಸ್ಪರ್‌ಸ್ಕಿ ಅಂದ್ರೆ ಚೆಸ್ ಆಡೋನ ಹೆಸರಿದ್ದಂಗಿದೆ ಕಣೇ, ಸುಲಭಕ್ಕೆ ಮೋಸ ಹೋಗಲ್ಲ." ಆಮೇಲೆ ಜರ್ಮನಿಯ ಅವಿರಾದ ಕೆಂಪು ಛತ್ರಿ ಗುರುತು ಕಂಡು ಮನಸ್ಸು ಬದಲಾಯಿಸಿದರು. "ಇದೇ ಇರಲಿ. ಹೆಂಗೂ ಮಳೆಗಾಲ."

ನನಗೆ ಹಿಡಿಸಿದ್ದು ಪುಣೆಯ ಕ್ವಿಕ್ ಹೀಲ್ ಕಥೆ. ಕೈಲಾಶ್ ಕಾಟ್ಕರ್ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದರಂತೆ, ತಮ್ಮ ಸಂಜಯ್ ಕೂತು ಆಂಟಿವೈರಸ್ ಬರೆದರಂತೆ. ಇನ್ನು ಪಿಸಿಗೆ ಮೊದಲು ಬಂದ ವೈರಸ್ ಅಂತ ಹೆಸರಾದ 'ಬ್ರೈನ್' ಬರೆದವರೂ ಅಣ್ಣತಮ್ಮಂದಿರೇ. ಲಾಹೋರಿನವರು, 1986ರಲ್ಲಿ. ತಮ್ಮ ಸಾಫ್ಟ್‌ವೇರ್ ಕದಿಯುವವರಿಗೆ ಬುದ್ಧಿ ಕಲಿಸಲು ಬರೆದೆವು ಅಂದಿದ್ದರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಹಾಕಿ, ಲಸಿಕೆಗೆ ನಮ್ಮನ್ನು ಸಂಪರ್ಕಿಸಿ ಅಂತ ಬೇರೆ ಬರೆದಿದ್ದರು. ಎಂಥಾ ಮರ್ಯಾದಸ್ಥರು ನೋಡಿ. ನಮ್ಮನೆಗೆ ಬಂದದ್ದಕ್ಕೆ ಊರೂ ಇಲ್ಲ, ಕೇರಿಯೂ ಇಲ್ಲ.

ಚಿಕ್ಕಮ್ಮನ ಮಗ ಒಂದು ಸಿಡಿ ತಂದ. ದುಡ್ಡಿನ ಆಂಟಿವೈರಸ್ಸೇ, ಆದರೆ ಕ್ರ್ಯಾಕ್ ಮಾಡಿದ್ದು, ಅಂದರೆ ದುಡ್ಡು ಕೊಡದೆ ನಡೆಯುವ ಹಾಗೆ ತಿದ್ದಿದ ಕಳ್ಳಪ್ರತಿ, ಲೈಫ್‌ಟೈಮ್. ಹಾಕುವ ವಿಧಾನ ಒಂದು ನೋಟ್‌ಪ್ಯಾಡಿನಲ್ಲಿತ್ತು. ಮೊದಲನೇ ಸಾಲು: ನಿಮ್ಮ ಆಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಅದು ಈ ಫೈಲನ್ನು ವೈರಸ್ ಅನ್ನುತ್ತದೆ. ಬೀಗ ಹಾಕಲು ಬಂದವನು, ನಾಯಿ ಕಟ್ಟಿ, ದೀಪ ಆರಿಸಿ, ಆ ಕಡೆ ತಿರುಗಿ ನಿಂತ್ಕೊಳ್ಳಿ ಅಂದ ಹಾಗಿತ್ತು. ಕಾಫಿ ಕೊಟ್ಟು ಸಿಡಿ ಸಮೇತ ಕಳಿಸಿದೆ. ನಾನೇ ಒಂದು ಫ್ರೀ ಆಂಟಿವೈರಸ್ ಹಾಕಿದೆ. ಹೆಸರು ಬೇಡ ಬಿಡಿ, ಅದರದ್ದೇನೂ ತಪ್ಪಿಲ್ಲ. ಮೂರು ಗಂಟೆ ಸ್ಕ್ಯಾನ್ ಮಾಡಿ ಜೋಡಿ ಫೋಲ್ಡರ್‌ಗಳನ್ನೆಲ್ಲ ಗುಡಿಸಿ ಹಾಕಿತು.

ಆಗ ನಮ್ಮದು ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಡೌನ್‌ಲೋಡ್ ಮಾಡಿದರೂ ಲೆಕ್ಕಕ್ಕಿಲ್ಲ. ಹಾಗಾಗಿ ಮಗ ಕಂಪ್ಯೂಟರಿಗೆ 2 ಗಂಟೆಗೆ ಎದ್ದು ಕೆಲಸ ಮಾಡುವ ಅಭ್ಯಾಸ ಮಾಡಿಸಿದ್ದ. ಮೊದಲ ರಾತ್ರಿಯೇ ಅತ್ತೆ ನಮ್ಮ ರೂಮಿನ ಬಾಗಿಲು ಬಡಿದರು.

"ಹಾಲಲ್ಲಿ ಯಾವಳೋ ಇಂಗ್ಲಿಷಲ್ಲಿ ಮಾತಾಡ್ತಿದ್ದಾಳೆ ಕಣೇ."

"ಟಿವಿ ಇರಬೇಕು ಅತ್ತೆ."

"ಟಿವಿ ನಾನೇ ಆರಿಸಿದ್ದು. ವೈರಸ್ ವೈರಸ್ ಅಂದ್ಲು. ಆಮೇಲೆ ಸುಮ್ಮನಾದ್ಲು."

ಹಿಂದಿನ ವರ್ಷವಷ್ಟೇ ಟಿವಿಯಲ್ಲಿ ಮೂರು ಹೊತ್ತೂ ಹಂದಿಜ್ವರದ ಸುದ್ದಿ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಿಂತಿದ್ದರು. ಹೋಗಿ ನೋಡಿದರೆ, ಆಂಟಿವೈರಸ್ ತನ್ನ ವೈರಸ್ ಗುರುತುಗಳ ಪಟ್ಟಿ ಹೊಸದಾಗಿದೆ ಅಂತ ಗಟ್ಟಿಯಾಗಿ ಸಾರಿದೆ. ಮಗ ಗೇಮ್ ಆಡಿ ಸ್ಪೀಕರಿನ ವಾಲ್ಯೂಮ್ ಪೂರ್ತಿ ಏರಿಸಿಟ್ಟಿದ್ದ. ಅತ್ತೆಗೆ ಎಷ್ಟು ಹೇಳಿದರೂ ಸಮಾಧಾನವಿಲ್ಲ. "ಒಳ್ಳೆ ಸುದ್ದಿಯಾದ್ರೆ ಬೆಳಿಗ್ಗೆ ಹೇಳಬಾರದಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ವಾರ ಕಳೆಯಿತು. ಕಂಪ್ಯೂಟರ್ ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಸೋಸಿ, ಕುಡಿದು ಲೋಟ ತೊಳೆದು ಬಂದರೂ ಡೆಸ್ಕ್‌ಟಾಪ್ ಬರುತ್ತಿರಲಿಲ್ಲ. ಒಳಗಿಂದ ಮಿಕ್ಸಿಯಲ್ಲಿ ಕೊಬ್ಬರಿ ರುಬ್ಬುವ ಸದ್ದು. ಕೆಳಗೆ ಗಡಿಯಾರದ ಪಕ್ಕ ಕಣ್ಣು ಹಾಯಿಸಿದೆ. ಒಂದರ ಬದಲು ಎರಡು ಆಂಟಿವೈರಸ್ ಗುರುತು.

"ರೀ, ಇದೇನಿದು?"

"ಸೇಫ್ಟಿಗೆ ಇರಲಿ ಅಂತ ಇನ್ನೊಂದು ಹಾಕ್ದೆ. ಬಾಗಿಲಿಗೆ ಚಿಲಕ ಹಾಕಿ ಬೀಗನೂ ಹಾಕಲ್ವಾ?"

ಚಿಲಕ ಬೀಗವನ್ನು ಅನುಮಾನಿಸುವುದಿಲ್ಲ. ಇವು ಹಾಗಲ್ಲ. ನಾನೊಂದು ಫೈಲ್ ತೆರೆದರೆ ಮೊದಲನೆಯದು ಅದನ್ನು ಪರೀಕ್ಷಿಸುತ್ತದೆ. ಫೈಲನ್ನು ಯಾರೋ ಮುಟ್ಟಿದರು ಅಂತ ಎರಡನೆಯದು ಮತ್ತೆ ಪರೀಕ್ಷಿಸುತ್ತದೆ. ಒಂದರ ಹತ್ತಿರ ಇರುವ ವೈರಸ್ ಗುರುತುಗಳ ಪಟ್ಟಿಯೇ ಇನ್ನೊಂದಕ್ಕೆ ವೈರಸ್ಸಿನ ಗಂಟಿನ ಹಾಗೆ ಕಂಡರೂ ಕಾಣಬಹುದು.

ಇಷ್ಟು ಸಾಲದು ಅಂತ ಮಗ ಒಂದು ಪರೀಕ್ಷೆ ಇಟ್ಟ. ಆಂಟಿವೈರಸ್ ಎಚ್ಚರವಾಗಿದೆಯಾ ಅಂತ ನೋಡಲು 'ಐಕಾರ್' ಅನ್ನುವ ಪುಟ್ಟ ಫೈಲ್ ಒಂದಿದೆ. ಬರೀ 68 ಅಕ್ಷರ, ಯಾರಿಗೂ ತೊಂದರೆ ಮಾಡುವುದಿಲ್ಲ. ಆದರೆ ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಅಂತಲೇ ಹಿಡಿಯಬೇಕು ಅನ್ನುವುದು ಒಪ್ಪಂದ. ಮಗ ನೋಟ್‌ಪ್ಯಾಡಿನಲ್ಲಿ ಅದನ್ನು ಬರೆದು ಸೇವ್ ಒತ್ತಿದ. ಬಲಗಡೆ ಒಂದು ಕೆಂಪು ಪೆಟ್ಟಿಗೆ ಎದ್ದು ಬಂತು: ಹಿಡಿದೆ! ಅದರ ಮೇಲೆ ಇನ್ನೊಂದು: ನಾನು ಹಿಡಿದೆ! ಮೊದಲನೆಯದು ಅಳಿಸಲು ಹೋದರೆ, ಈ ಫೈಲ್ ಬೇರೆಯವರ ಕೈಯಲ್ಲಿದೆ. ಎರಡನೆಯದು ಹೋದರೂ ಅದೇ ಉತ್ತರ. ಹೀಗೆ ಏಳೆಂಟು ಪೆಟ್ಟಿಗೆ ಬಂದ ಮೇಲೆ ಮೌಸ್ ಅಲ್ಲಾಡಲಿಲ್ಲ. ಅತ್ತೆ ಹಿಂದಿನಿಂದ ಬಗ್ಗಿ ನೋಡಿ, "ಕಳ್ಳ ಯಾರು ಇದರಲ್ಲಿ?" ಅಂದರು.

ಕರೆಂಟ್ ತೆಗೆದು ಹಾಕಿ, ಎರಡನ್ನೂ ಅಳಿಸಿದೆವು. ಕೊನೆಗೆ ನಮ್ಮನೆಯವರು ಅಂಗಡಿಯಿಂದ ಡಬ್ಬಿಯಲ್ಲಿರುವುದನ್ನೇ ತಂದರು. ದುಡ್ಡು ಕೊಟ್ಟದ್ದು, ಒಂದು ಕಂಪ್ಯೂಟರಿಗೆ, ಒಂದು ವರ್ಷಕ್ಕೆ. ಕೋಡ್ ಮೇಲೆ ಬೂದು ಬಣ್ಣದ ಪಟ್ಟಿ. ಸ್ಕೂಟರ್ ಕೀಲಿಯಿಂದ ಕೆರೆದರು. ಲಾಟರಿ ಟಿಕೆಟ್ ಕೆರೆದ ಹುರುಪು. ಬಣ್ಣದ ಜೊತೆ ಒಂದು ಅಕ್ಷರದ ಹೊಟ್ಟೆಯೂ ಕಿತ್ತು ಬಂತು. ಅದು ಎಂಟೋ, ಇಂಗ್ಲಿಷಿನ 'ಬಿ'ಯೋ ಅಂತ ಭೂತಗನ್ನಡಿ ಹಿಡಿದು ಮೂವರೂ ಕೂತೆವು. ಮಗ ಎಂಟು ಅಂದ. ನಾನು ಬಿ ಅಂದೆ. ಎರಡೂ ಆಗಲಿಲ್ಲ. ಮೂರು ಅಂತ ಹಾಕಿದ ಮೇಲೆ ಒಪ್ಪಿಕೊಂಡಿತು.

ಮುಂದಿನ ತಿಂಗಳು ಮಗನ ಇನ್ನೊಂದು ಪ್ರಾಜೆಕ್ಟು, ಈ ಸಲ ಪಶ್ಚಿಮ ಘಟ್ಟ. ಪೆನ್‌ಡ್ರೈವನ್ನು ಎರಡು ಸಲ ಸ್ಕ್ಯಾನ್ ಮಾಡಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಅದೇ ಜೆರಾಕ್ಸ್ ಅಂಗಡಿಗೆ ಹೋದೆ. ಕಂಪ್ಯೂಟರ್ ಮೇಲೆ ಹೊಸ ಚೀಟಿ ಅಂಟಿಸಿದ್ದರು: ವೈರಸ್ ಇರುವ ಪೆನ್‌ಡ್ರೈವ್ ಹಾಕಬೇಡಿ. ಹುಡುಗ ನನ್ನನ್ನು ನೋಡಿದ. ಕೈಯಲ್ಲಿದ್ದ ಪೆನ್‌ಡ್ರೈವ್ ನೋಡಿದ.

"ಮೇಡಂ, ಹೊಯ್ಸಳ ತಂದಿದ್ರಲ್ಲ, ಅವರು ನೀವೇ ತಾನೆ?"