ಹಬ್ಬ ಬೀದಿಯಲ್ಲೋ, ಮನೆಯೊಳಗೋ: ಡಿಸೆಂಬರ್‌ನ ಲಂಡನ್ ನೋಡುವ ಬಗೆ

ಮೈಸೂರು ದಸರಾ ನೋಡಲು ಹೊರಡುವವರು ವಿಜಯದಶಮಿಯನ್ನು ಹಿಡಿದು ಲೆಕ್ಕ ಹಾಕುತ್ತಾರೆ. ದೀಪ, ಸಂಗೀತ, ವಸ್ತುಪ್ರದರ್ಶನ ಎಷ್ಟು ದಿನವಿದ್ದರೂ ಜಂಬೂಸವಾರಿ ತಪ್ಪಿದರೆ ದಸರಾವೇ ತಪ್ಪಿದ ಹಾಗೆ. ಇದೇ ಲೆಕ್ಕದಲ್ಲಿ ಊರಿಂದ ಬರುವ ಅಪ್ಪ-ಅಮ್ಮಂದಿರಿಗೆ, ಅಕ್ಕ-ಭಾವಂದಿರಿಗೆ ಲಂಡನ್ನಿನ ಟಿಕೆಟ್ ಮಾಡಿಸಿದರೆ ಎಡವಟ್ಟಾಗುತ್ತದೆ. ಡಿಸೆಂಬರ್ 24ರ ರಾತ್ರಿ ಇಳಿದು, 25ರ ಬೆಳಿಗ್ಗೆ ಸ್ನಾನ-ತಿಂಡಿ ಮುಗಿಸಿ ಊರು ನೋಡಲು ಹೊರಟರೆ ಟ್ಯೂಬ್ (ಲಂಡನ್ನಿನ ಮೆಟ್ರೋ) ಇಲ್ಲ, ಬಸ್ಸಿಲ್ಲ, ರೈಲಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟವರ್ ಆಫ್ ಲಂಡನ್ ಎಲ್ಲವಕ್ಕೂ ಬೀಗ. ಇವು ಸಾಮಾನ್ಯವಾಗಿ 24ರಿಂದ 26ರವರೆಗೆ ಮೂರೂ ದಿನ ತೆರೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಬೀದಿಗೆ ಬರುವುದು ನವೆಂಬರ್ ನಡುವಿನ ಹೊತ್ತಿಗೆ; 24ರ ಮಧ್ಯಾಹ್ನದ ಹೊತ್ತಿಗೆ ಅದು ಬೀದಿಯಿಂದ ಎದ್ದು ಮನೆಯೊಳಗೆ ಹೋಗುತ್ತದೆ. 25 ಪೂರ್ತಿ ಮನೆಯ ಹಬ್ಬ. 2004ರ ಒಂದು ಕಾನೂನಿನ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ, ಅಂದರೆ ಸುಮಾರು 3000 ಚದರ ಅಡಿಗಿಂತ ದೊಡ್ಡ ಅಂಗಡಿ, ಕೆಲವು ವಿನಾಯಿತಿ ಬಿಟ್ಟರೆ, ಆ ದಿನ ತೆರೆಯುವಂತೆಯೇ ಇಲ್ಲ. ತೆರೆದಿರುವುದು ಬಹುಪಾಲು ಮೂಲೆಯ ಚಿಕ್ಕ ಅಂಗಡಿಗಳು. ಹಾಲು, ಬ್ರೆಡ್ಡು, ಕ್ರೋಸಿನ್‌ನಂಥ ಮಾತ್ರೆಗೆ ಅವೇ ಗತಿ. ಬೆಂಗಳೂರಿನಲ್ಲಿ ಅದೇ 25ರ ಸಂಜೆ ಬ್ರಿಗೇಡ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದ ಮುಂದೆ ಎಲ್ಲ ಧರ್ಮದವರೂ ನೆರೆದಿರುತ್ತಾರೆ, ಮೆಟ್ರೋ ತುಂಬಿ ಓಡುತ್ತದೆ. ಒಂದೇ ಹಬ್ಬ, ನಡೆಯುವ ಜಾಗ ಬೇರೆ.

ಇದನ್ನು ನೋಡಿ ‘ಡ್ರೈವರಿಗೂ ಹಬ್ಬ ಬೇಡವೇ, ನಮ್ಮಲ್ಲೂ ಒಂದು ದಿನ ಬಸ್ಸು ನಿಲ್ಲಿಸಬಾರದೇಕೆ’ ಎನ್ನುವವರಿದ್ದಾರೆ. ಆ ಮಾತಿನ ಹಿಂದಿನ ಕಾಳಜಿ ನಿಜವಾದದ್ದು. ದೀಪಾವಳಿಗೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ಸು ಬಿಟ್ಟಾಗ ಅದರ ಡ್ರೈವರು, ಕಂಡಕ್ಟರುಗಳ ಮನೆಯಲ್ಲಿ ದೀಪ ಹಚ್ಚುವಾಗ ಅವರಿರುವುದಿಲ್ಲ. ಆದರೂ ಲಂಡನ್ನಿನ ಕ್ರಮ ನಮಗೆ ಹೊಂದದು ಎಂದೇ ನನ್ನ ಅನಿಸಿಕೆ. ನಮ್ಮ ಹಬ್ಬ ಶುರುವಾಗುವುದೇ ಊರಿಗೆ ಹೋಗುವುದರಿಂದ. ಆ ಊರು ತಲುಪಿಸುವುದು ಬಸ್ಸು. ನಮಗೆ ಬೇಕಾದದ್ದು ಹಬ್ಬದ ದಿನ ದುಡಿದವರಿಗೆ ಅದರ ಮರುವಾರ ಕಡ್ಡಾಯ ರಜೆ, ಎರಡು ಪಟ್ಟು ಭತ್ಯೆ. ಇತ್ತ ಲಂಡನ್ನಿನಲ್ಲಿಯೂ ಈ ಒಂದು ದಿನದ ಭಾರ ಕಾರಿಲ್ಲದವರ ಮೇಲೆ, ರಾತ್ರಿ ಪಾಳಿಗೆ ಹೋಗಬೇಕಾದ ನರ್ಸುಗಳ ಮೇಲೆ ಬೀಳುತ್ತದೆ. ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ.

ಹಾಗಾದರೆ ಯಾವಾಗ ಬರಬೇಕು? ಡಿಸೆಂಬರ್ ಮೊದಲ ಎರಡು ವಾರ, ಅದರಲ್ಲೂ ಸೋಮವಾರದಿಂದ ಗುರುವಾರದೊಳಗೆ. ಶಾಲೆಯ ರಜೆಯಿಂದಾಗಿ ತಡವಾಗಿಯೇ ಬರಬೇಕಾದರೆ 20ರೊಳಗೆ ಇಳಿಯಿರಿ. 25ರಂದೇ ವಿಮಾನ ಇಳಿಯುವುದಾದರೆ ಹೀಥ್ರೂದಿಂದ ಎಲಿಜಬೆತ್ ಲೈನೂ ಇಲ್ಲ, ಪಿಕಡಿಲಿ ಲೈನೂ ಇಲ್ಲ. ಕಾರು ಮೊದಲೇ ಗೊತ್ತುಮಾಡಿರಬೇಕು. ಕರಿಯ ಟ್ಯಾಕ್ಸಿಗೆ 24ರ ರಾತ್ರಿ 8ರಿಂದ 27ರ ಬೆಳಗಿನ 6ರವರೆಗೆ ಮೀಟರಿನ ಮೇಲೆ 4 ಪೌಂಡ್ ಹೆಚ್ಚು. ಆ್ಯಪ್‌ನಲ್ಲಿ ಕರೆಸುವ ಕಾರುಗಳ ದರ ಬೇಡಿಕೆ ನೋಡಿ ಏರುತ್ತದೆ. 24ರ ಸಂಜೆಯೇ ರೈಲುಗಳು ಬೇಗ ನಿಲ್ಲುತ್ತವೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. 26ರಂದು ಬಸ್ಸು ಓಡುತ್ತದೆ, ಟ್ಯೂಬ್ ತಡವಾಗಿ ಶುರುವಾಗಿ ವಿರಳವಾಗಿ ಓಡುತ್ತದೆ, ಊರಾಚೆಯ ರೈಲು ಬಹುಪಾಲು ಇಲ್ಲ. ಅಲ್ಲಿಂದ ಹೊಸ ವರ್ಷದವರೆಗೆ ಕಚೇರಿಗೆ ಹೋಗುವವರು ಕಡಿಮೆ ಎಂಬ ಕಾರಣಕ್ಕೆ ಹಳಿ ರಿಪೇರಿಯ ದೊಡ್ಡ ಕೆಲಸಗಳನ್ನೆಲ್ಲ ಆಗಲೇ ಇಟ್ಟುಕೊಳ್ಳುತ್ತಾರೆ. ಬಾತ್, ಆಕ್ಸ್‌ಫರ್ಡ್, ಕೇಂಬ್ರಿಜ್ ಕಡೆಗೆ ಒಂದು ದಿನದ ಪ್ರವಾಸವನ್ನು ಆ ವಾರಕ್ಕೆ ಇಡುವ ಮುಂಚೆ ಆ ದಿನದ ವೇಳಾಪಟ್ಟಿಯನ್ನೇ ತೆರೆದು ನೋಡಿ.

ಹಗಲು ಎಂಟು ಗಂಟೆಯ ಆಸುಪಾಸು. ಸೂರ್ಯ ಹುಟ್ಟುವುದು ಬೆಳಿಗ್ಗೆ 8ರ ಸುಮಾರಿಗೆ, ಮುಳುಗುವುದು 3.50ರ ಸುಮಾರಿಗೆ. ಇದು ಕೊರತೆಯಂತೆ ಕಂಡರೂ ಊರಿಂದ ಬಂದವರಿಗೆ ಅನುಕೂಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಲಂಡನ್ನಿಗಿಂತ ಐದೂವರೆ ಗಂಟೆ ಮುಂದೆ. ಬಂದ ಮೊದಲ ಎರಡು ಮೂರು ದಿನ ರಾತ್ರಿ ಎಂಟಕ್ಕೇ ಕಣ್ಣು ಕೂರುತ್ತದೆ. ದೀಪ ನೋಡಲು ರಾತ್ರಿಯವರೆಗೆ ಕಾಯಬೇಕಿಲ್ಲ. ನಾಲ್ಕೂವರೆಗೆ ಪೂರ್ತಿ ಕತ್ತಲೆ. ನಾಲ್ಕಕ್ಕೆ ಹೊರಟು ಆರಕ್ಕೆ ವಾಪಸಾದರೆ ಕಚೇರಿ ಬಿಟ್ಟ ಜನರ ನೂಕುನುಗ್ಗಲೂ ಅರ್ಧ ತಪ್ಪುತ್ತದೆ.

ರೀಜೆಂಟ್ ಸ್ಟ್ರೀಟಿನ ದೀಪಾಲಂಕಾರ 1954ರಿಂದ, ಆಕ್ಸ್‌ಫರ್ಡ್ ಸ್ಟ್ರೀಟಿನದು 1959ರಿಂದ ಬಂದ ರೂಢಿ. ಮೈಸೂರಿನಲ್ಲಿ ದೀಪ ಅರಮನೆಯ ಗೆರೆಗಳನ್ನು ಬರೆಯುತ್ತದೆ. ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಂಡಾಗ ಕಾಣುವುದು ಕಟ್ಟಡ. ಇಲ್ಲಿ ದೀಪ ಬೀದಿಯ ಈ ಕಡೆಯಿಂದ ಆ ಕಡೆಗೆ ತೂಗುತ್ತದೆ. ಖರ್ಚು ವ್ಯಾಪಾರಿಗಳ ಒಕ್ಕೂಟದ್ದು, ಜಾಗದ ಒಡೆಯರದು. ಹಾಗಾಗಿ ಮೈಸೂರಿನಂತೆ ಒಂದೆಡೆ ನಿಂತು ನೋಡುವುದಲ್ಲ, ಕೆಳಗೆ ಹಾದುಹೋಗುವುದು. ಅದಕ್ಕೆ ಡಬಲ್ ಡೆಕ್ಕರಿನ ಮೇಲ್ಮಹಡಿಯ ಮುಂದಿನ ಸೀಟೇ ಸರಿಯಾದ ಜಾಗ. ಆಕ್ಸ್‌ಫರ್ಡ್ ಸರ್ಕಸ್ ಬಳಿ ಶುರುವಾಗುವ 12ನೇ ನಂಬರಿನ ಬಸ್ಸು ರೀಜೆಂಟ್ ಸ್ಟ್ರೀಟ್, ಪಿಕಡಿಲಿ ಸರ್ಕಸ್ ಹಾದು ಟ್ರಫಾಲ್ಗರ್ ಚೌಕಕ್ಕೆ ಬರುತ್ತದೆ. ಮೊದಲ ನಿಲ್ದಾಣದಲ್ಲೇ ಹತ್ತಿದರೆ ಆ ಸೀಟು ಸಿಗುತ್ತದೆ. ಟ್ರಾಫಿಕ್‌ನಲ್ಲಿ ಬಸ್ಸು ನಿಧಾನ ಹೋದಷ್ಟೂ ನೋಡುವವರಿಗೆ ಲಾಭವೇ. ಹತ್ತುವಾಗಲೆಲ್ಲ ಅದೇ ಕಾರ್ಡು (ಬ್ಯಾಂಕಿನದು ಅಥವಾ ಇಲ್ಲಿನ ಸಾರಿಗೆಯ ಆಯಿಸ್ಟರ್ ಕಾರ್ಡು) ತೋರಿಸಿದರೆ, ಮೊದಲ ಬಾರಿ ತೋರಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ಟಿಕೆಟ್ಟಿನ ಹಣ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ.

ಈ ಕಾರ್ಡಿನ ವಿಷಯದಲ್ಲೇ ಮನೆಮಂದಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು. ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬಹುದು. ಬಿಎಂಟಿಸಿಯಲ್ಲಿ ‘ಐದು ಕೊಡಿ’ ಎಂದು ಒಬ್ಬರೇ ಟಿಕೆಟ್ ತೆಗೆಯುವ ಹಾಗಲ್ಲ. ಟ್ಯೂಬಿಗೆ ಹೋಗುವಾಗ ಫೋನು ತೋರಿಸಿ, ಹೊರಬರುವಾಗ ಅದೇ ಬ್ಯಾಂಕಿನ ಕಾರ್ಡು ತೋರಿಸಿದರೆ ಯಂತ್ರಕ್ಕೆ ಅದು ಎರಡು ಅರ್ಧ ಪ್ರಯಾಣ. ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಆಯಿಸ್ಟರ್ ಕೊಡಿಸಿ, ದೊಡ್ಡವರ ಕೋಟಿನ ಬಲಜೇಬಿನಲ್ಲಿ ಇಡಿಸಿ. 11 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟಿಕೆಟ್ ಬೇಡ. ಅಗಲದ ಗೇಟಿನಲ್ಲಿ ಕರೆದೊಯ್ಯಿರಿ.

ನಿಲ್ದಾಣಗಳ ಬಗ್ಗೆಯೂ ಒಂದು ಮಾತು. ಡಿಸೆಂಬರ್ ಶನಿವಾರಗಳಲ್ಲಿ ಆಕ್ಸ್‌ಫರ್ಡ್ ಸರ್ಕಸ್ ಸ್ಟೇಷನ್ನಿನ ಬಾಗಿಲನ್ನು ಜನಸಂದಣಿಗೆ ಆಗಾಗ ಮುಚ್ಚುತ್ತಾರೆ. ಬಾಂಡ್ ಸ್ಟ್ರೀಟ್ ಅಥವಾ ಟಾಟನ್‌ಹ್ಯಾಮ್ ಕೋರ್ಟ್ ರೋಡಿನಲ್ಲಿ ಇಳಿದು ನಡೆಯಿರಿ. ಕೋವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹಿಡಿದರೆ 193 ಮೆಟ್ಟಿಲು. ಮಂಡಿನೋವಿನ ಅಮ್ಮನಿಗೆ ಅದು ಆಗದ ಮಾತು. ಲೆಸ್ಟರ್ ಸ್ಕ್ವೇರಿನಿಂದ ಅಲ್ಲಿಗೆ ನಡಿಗೆ ಐದೇ ನಿಮಿಷ. ಫೋನು ಹಿಡಿದು ಫುಟ್‌ಪಾತಿನ ಅಂಚಿನಲ್ಲಿ ನಿಲ್ಲಬೇಡಿ. ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಈಗ ಈ ಊರಿನ ದೊಡ್ಡ ಪೀಡೆ. ಗೋಡೆಗೆ ಬೆನ್ನು ಕೊಟ್ಟು ಫೋಟೊ ತೆಗೆಯಿರಿ.

ಟ್ರಫಾಲ್ಗರ್ ಚೌಕದ ಮರವನ್ನು ನೋಡಿ ‘ಇಷ್ಟೇನಾ?’ ಎನ್ನುವವರೇ ಹೆಚ್ಚು. ಸುತ್ತಲ ಅಂಗಡಿಗಳ ಝಗಮಗದ ಮುಂದೆ ಅದು ಸಪ್ಪೆ. ಬಣ್ಣದ ಗುಂಡುಗಳಿಲ್ಲ, ಮೇಲಿಂದ ಕೆಳಗೆ ನೇರ ಸಾಲುಗಳಲ್ಲಿ ಬಿಳಿ ದೀಪಗಳಷ್ಟೆ. ಅದು ನಾರ್ವೆಯವರ ಪದ್ಧತಿ. ಮರ ಬರುವುದೂ ನಾರ್ವೆಯಿಂದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿದಾಗ ಆ ದೇಶದ ರಾಜ ಹಾಕೋನ್ 1940ರಲ್ಲಿ ಲಂಡನ್ನಿಗೆ ಬಂದು ಆಶ್ರಯ ಪಡೆದ. ಆ ಋಣಕ್ಕಾಗಿ 1947ರಿಂದ ಪ್ರತಿ ವರ್ಷ ಓಸ್ಲೊ ನಗರ ಒಂದು ಸ್ಪ್ರೂಸ್ ಮರ ಕಳಿಸುತ್ತಿದೆ. ಸಾಮಾನ್ಯವಾಗಿ 20 ಮೀಟರಿಗೂ ಎತ್ತರ, ಐವತ್ತು ಅರವತ್ತು ವರ್ಷದ ಮರ. ಡಿಸೆಂಬರ್‌ನ ಮೊದಲ ಗುರುವಾರ ದೀಪ ಹಚ್ಚುತ್ತಾರೆ, ಜನವರಿ ಮೊದಲ ವಾರದವರೆಗೆ ಇರುತ್ತದೆ. ಕೊಟ್ಟವರೂ ಪಡೆದವರೂ ಕಾಲವಾದ ಮೇಲೂ ಋಣ ತೀರಿಸುತ್ತಲೇ ಇರುವ ಈ ನಡತೆ ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನ ಇಡೀ ಕ್ರಿಸ್‌ಮಸ್‌ನಲ್ಲಿ ಒಂದನ್ನೇ ನೋಡಲು ಹೊತ್ತಿದ್ದರೆ ನಾನು ಕಳಿಸುವುದು ಈ ಮರದ ಬಳಿಗೆ. ಡಿಸೆಂಬರ್‌ನ ಹಲವು ಸಂಜೆ ಅದರ ಬುಡದಲ್ಲಿ ಬೇರೆ ಬೇರೆ ತಂಡಗಳು ಕ್ಯಾರಲ್ ಹಾಡುತ್ತವೆ, ಕೇಳಲು ಹಣ ಕೊಡಬೇಕಿಲ್ಲ.

ಹೈಡ್ ಪಾರ್ಕಿನ ವಿಂಟರ್ ವಂಡರ್‌ಲ್ಯಾಂಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಜಾತ್ರೆ, ತೊಟ್ಟಿಲೂ ತಿಂಡಿಯೂ ದುಬಾರಿ. ಪ್ರವೇಶದ ಸಮಯವನ್ನು ಮೊದಲೇ ಕಾಯ್ದಿರಿಸದೆ ಹೋಗಬೇಡಿ. ಕ್ಯೂ ಗಾರ್ಡನ್ನಿನ ದೀಪದ ಹಾದಿ ಅದಕ್ಕಿಂತ ಎಷ್ಟೋ ಮೇಲು. ಆದರೆ ಸುಮಾರು 3 ಕಿಲೋಮೀಟರ್, ಒಂದೂವರೆ ಗಂಟೆಯಾದರೂ ಚಳಿಯಲ್ಲಿ ನಡೆಯಬೇಕು.

ಚಳಿ ಎಂದರೆ ಹಿಮವಲ್ಲ. ಲಂಡನ್ನಿನಲ್ಲಿ ಕ್ರಿಸ್‌ಮಸ್‌ಗೆ ನೆಲದ ಮೇಲೆ ಹಿಮ ನಿಲ್ಲುವುದು ಅಪರೂಪ. ಬರುವುದು ಜಿಟಿಜಿಟಿ ಮಳೆ, ಗಾಳಿ, 3ರಿಂದ 9 ಡಿಗ್ರಿ. ದಪ್ಪನೆಯ ಒಂದೇ ಜರ್ಕಿನ್ ತಂದವರು ಬೆಚ್ಚನೆಯ ಅಂಗಡಿಯೊಳಗೆ ಬೆವರಿ, ಹೊರಬಂದು ಆ ಬೆವರಿನಲ್ಲೇ ನಡುಗುತ್ತಾರೆ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಮಳೆ-ಗಾಳಿ ತಡೆಯುವ ತೆಳು ಕೋಟು. ತೆಗೆದು ಹಾಕಲು ಸುಲಭ. ಸೀರೆ ಉಡುವವರಿಗೆ ಒಳಗೆ ಉಣ್ಣೆಯ ಲೆಗ್ಗಿಂಗ್ಸ್, ನೀರು ಹೀರದ ಶೂ. ಹತ್ತಿಯ ಕಾಲುಚೀಲ ಒಮ್ಮೆ ಒದ್ದೆಯಾದರೆ ಸಂಜೆವರೆಗೂ ಒಣಗದು. ಕೊಡೆಗಿಂತ ಟೊಪ್ಪಿ ಮೇಲು. ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ.

ಸಸ್ಯಾಹಾರಿಗಳು ವಿಚಾರಿಸಿ ತಿನ್ನಬೇಕಾದ ತಿಂಗಳಿದು. ಮಿನ್ಸ್ (ಕೊಚ್ಚಿದ ಮಾಂಸ) ಪೈ ಎಂಬ ಹೆಸರಿದ್ದರೂ ಒಳಗಿರುವುದು ಒಣದ್ರಾಕ್ಷಿ, ಸೇಬು, ಮಸಾಲೆ. ಆದರೆ ಹಳೆಯ ಪದ್ಧತಿಯಲ್ಲಿ ಅದಕ್ಕೂ ಕ್ರಿಸ್‌ಮಸ್ ಪುಡ್ಡಿಂಗಿಗೂ ದನದ ಕೊಬ್ಬು ಹಾಕುತ್ತಾರೆ. ಅಂಗಡಿಯ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಸಸ್ಯದ ಕೊಬ್ಬು ಇದ್ದರೂ ‘ವೆಜಿಟೇರಿಯನ್’ ಎಂಬ ಮಾತು ಕಂಡ ಮೇಲೇ ಕೊಳ್ಳಿ. ಎರಡರಲ್ಲೂ ಬ್ರಾಂಡಿ ಇರಬಹುದು. ಹುರಿದ ಆಲೂಗಡ್ಡೆಯನ್ನು ಬಾತುಕೋಳಿ ಜಾತಿಯ ಹಕ್ಕಿಯ ಕೊಬ್ಬಿನಲ್ಲಿ ಹುರಿಯುವವರಿದ್ದಾರೆ. ಹಾಟ್ ಚಾಕೊಲೇಟಿನ ಮೇಲೆ ತೇಲುವ ಮಾರ್ಷ್‌ಮ್ಯಾಲೊದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಬೀದಿಯಲ್ಲಿ ಸುಟ್ಟು ಕೊಡುವ ಚೆಸ್ಟ್‌ನಟ್ ನಿಶ್ಚಿಂತೆಯಿಂದ ತಿನ್ನಬಹುದು. ಈ ಊರಿನ ಹಬ್ಬದಲ್ಲಿ ನನಗೆ ಕೊರತೆ ಎನಿಸುವುದು ಇಲ್ಲೇ. ನಮ್ಮ ಜಾತ್ರೆಗಳಲ್ಲಿ ಯಾವನೋ ಅಪರಿಚಿತ ಕೈಗೆ ಪಾನಕವನ್ನೋ ಕೋಸಂಬರಿಯನ್ನೋ ಇಡುತ್ತಾನೆ. ಇಲ್ಲಿನ ಬೀದಿಯಲ್ಲಿ ಒಂದು ತುತ್ತಿಗೂ ಬೆಲೆಯಿದೆ.

ಎಲ್ಲ ಲೆಕ್ಕ ಮೀರಿ 25ರಂದು ಲಂಡನ್ನಿನಲ್ಲೇ ಉಳಿದವರು ಅದನ್ನು ನಡಿಗೆಯ ದಿನ ಮಾಡಿಕೊಳ್ಳಿ. ಬೆಳಿಗ್ಗೆ 9ಕ್ಕೆ ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆಯಲ್ಲಿ ಈಜುಸಂಘದ ಸದಸ್ಯರು ಕೊರೆಯುವ ನೀರಿಗೆ ಇಳಿದು 100 ಗಜದ ಪಂದ್ಯ ನಡೆಸುತ್ತಾರೆ. ಗೆದ್ದವರಿಗೆ ಸಿಗುವ ಪೀಟರ್ ಪ್ಯಾನ್ ಕಪ್ಪಿಗೆ 1904ರಿಂದ ಚರಿತ್ರೆಯಿದೆ. ಅಲ್ಲಿಂದ ಗ್ರೀನ್ ಪಾರ್ಕ್, ಬಕಿಂಗ್‌ಹ್ಯಾಮ್ ಅರಮನೆಯ ಮುಂಭಾಗ, ಸೇಂಟ್ ಜೇಮ್ಸ್ ಪಾರ್ಕಿನ ಪೆಲಿಕನ್‌ಗಳು, ಸಂಸತ್ ಭವನ, ವೆಸ್ಟ್‌ಮಿನ್‌ಸ್ಟರ್ ಸೇತುವೆ. ಸೇತುವೆ ದಾಟಿ ಬಲಕ್ಕೆ ತಿರುಗಿ ನದಿಯ ದಂಡೆಗುಂಟ ಹೋದರೆ, ಲ್ಯಾಂಬೆತ್ ಸೇತುವೆಯನ್ನು ಹತ್ತದೆ ಅದೇ ದಂಡೆಯಲ್ಲಿ ಮುಂದೆ ಸ್ವಲ್ಪ ದೂರದಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಒಟ್ಟು ಸುಮಾರು 5 ಕಿಲೋಮೀಟರ್. ದಾರಿಯಲ್ಲಿ ತೆರೆದ ಹೋಟೆಲು ಸಿಗುವುದು ಅಪರೂಪ, ಸಾರ್ವಜನಿಕ ಶೌಚಾಲಯಗಳೂ ಹಲವು ಮುಚ್ಚಿರುತ್ತವೆ. ಹಾಗಾಗಿ ಹೊರಡುವ ಮುಂಚೆ ಆ ಕೆಲಸ ಮುಗಿಸಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಳ್ಳಿ. ಬಸವಣ್ಣನವರ ಮುಂದೆ ಬೆಂಚುಗಳಿವೆ, ಆ ದಿನ ಗಲಾಟೆಯಿಲ್ಲ. ಕೂತು ಬುತ್ತಿ ಬಿಚ್ಚಿ, ಎರಡೂವರೆಯೊಳಗೆ ಹೊರಟರೆ ಬೆಳಕಿರುವಾಗಲೇ ಮನೆ ಸೇರಬಹುದು.